ಹತ್ತು ಬೆರಳು

ಮೊದಲು ನನ್ನ ಬೆರಳುಗಳು ಒಪ್ಪಲಿಲ್ಲ. ಆಮೇಲೆ ನಾನು ಒಪ್ಪಲಿಲ್ಲ. ಕಾನೂನು ಬಂದದ್ದು ಅದಕ್ಕೂ ಆಮೇಲೆ.

ನನ್ನ ಹೆಸರು ಸುಭದ್ರಾ. ಹುಟ್ಟಿದ್ದು ಹುಬ್ಬಳ್ಳಿಯ ಸೆಟ್ಲಮೆಂಟಿನಲ್ಲಿ. ವಡೋದರಾಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ಗಂಡ ಹಾಲಪ್ಪ ಫತೇಗಂಜ್‌ನಲ್ಲಿ ಉಡುಪಿ ಕಡೆಯ ಜನಾರ್ದನ ಎಂಬವರ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದ. ಅದೇ ಹೋಟೆಲಿನ ಹಿಂಬದಿಯ ತೊಟ್ಟಿಯಲ್ಲಿ ನಾನು ಒಂಬತ್ತು ವರ್ಷ ಪಾತ್ರೆ ತಿಕ್ಕಿದೆ.

ಪಾತ್ರೆ ತಿಕ್ಕುವುದು ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸೋಡಾ ಪುಡಿ. ಕುದಿಯುವ ನೀರು. ತಂತಿಯ ಉಂಡೆ. ತಳ ಹಿಡಿದ ಸಾಂಬಾರಿನ ಹಂಡೆಯೊಳಗೆ ಸೊಂಟದವರೆಗೆ ಬಗ್ಗಬೇಕು. ಮೊದಲ ವರ್ಷ ಉಗುರಿನ ಬುಡ ಕೊಳೆಯುತ್ತದೆ. ಎರಡನೆಯ ವರ್ಷ ಅಂಗೈ ಸುಲಿಯುತ್ತದೆ. ಮೂರನೆಯ ವರ್ಷಕ್ಕೆ ನೋವು ಗೊತ್ತಾಗುವುದಿಲ್ಲ. ಆಮೇಲೆ ಬೆರಳ ತುದಿ ನುಣ್ಣಗಾಗುತ್ತದೆ, ಹೊಳೆಯ ಕಲ್ಲಿನ ಹಾಗೆ. ರೇಷನ್ ಅಂಗಡಿಯ ಯಂತ್ರ ನನ್ನನ್ನು ಗುರುತಿಸುವುದನ್ನು ಯಾವತ್ತೋ ಬಿಟ್ಟಿದೆ.

ಖಾಲಿಯಾದ ಸಾಂಬಾರಿನ ಹಂಡೆ ನನ್ನದು. ತುಂಬಿದ ಹಂಡೆ ನನ್ನದಲ್ಲ. ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಹುಬ್ಬಳ್ಳಿಯ ಸಪ್ಲಾಯರ್ ಒಬ್ಬ ಬಂದ ಮೊದಲ ವಾರವೇ ಮಾಲಕರ ಕಿವಿಯಲ್ಲಿ ಹೇಳಿದ್ದ: "ಆಕಿ ಸೆಟ್ಲಮೆಂಟಿನಾಕಿ ರೀ." ಅಂದಿನಿಂದ ಒಂದು ಚಮಚ ಕಾಣೆಯಾದರೂ ಎಲ್ಲರ ಕಣ್ಣು ನನ್ನ ಸೆರಗಿನ ಕಡೆ.

ನಮ್ಮ ಜಾತಿಯ ಹೆಸರಿನಲ್ಲೇ ಕಳ್ಳ ಎಂಬ ಮಾತಿದೆ. ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ನಾವು ಇಟ್ಟುಕೊಂಡ ಹೆಸರಲ್ಲ ಅದು.

ಐದು ವರ್ಷದ ಹಿಂದೆ ತೊಟ್ಟಿ ಬಿಟ್ಟೆ. ಒಂದು ತಳ್ಳುಗಾಡಿ ಮಾಡಿಸಿದೆ. ಇಲ್ಲಿಯವರು ತಳ್ಳುಗಾಡಿಗೆ ಲಾರಿ ಅನ್ನುತ್ತಾರೆ. ನನ್ನ ಹಿಟ್ಟು ನಾನೇ ರುಬ್ಬಿದೆ. ನನ್ನ ಇಡ್ಲಿ ನಾನೇ ಬೇಯಿಸಿದೆ. ನನ್ನ ಕೈಯಿಂದಲೇ ಬಡಿಸಿದೆ. ಹಾಸ್ಟೆಲಿನ ಹುಡುಗ ಹುಡುಗಿಯರು ಬೆಳಿಗ್ಗೆ ಏಳಕ್ಕೆ ಸಾಲು ನಿಲ್ಲುತ್ತಿದ್ದರು. ಯಾರೂ ಜಾತಿ ಕೇಳಲಿಲ್ಲ. ಚಟ್ನಿ ಇನ್ನಷ್ಟು ಹಾಕಿ ಎಂದು ಕೇಳಿದರು.

ಜನಾರ್ದನ ಮಾಲಕರ ಹೋಟೆಲು ಅಲ್ಲಿಂದ ನೂರು ಹೆಜ್ಜೆ. ಅವರು ಹಾಲಪ್ಪನನ್ನು ಕರೆದು ಹೇಳಿದರು: "ನಿನ್ನ ಹೆಂಡತಿ ನನ್ನ ಬಾಗಿಲಲ್ಲೇ ಅಂಗಡಿ ಇಟ್ಟಿದ್ದಾಳಲ್ಲ ಮಾರಾಯ. ಉಪ್ಪು ತಿಂದ ಮನೆಗೆ ಹೀಗೆ ಮಾಡುದಾ?"

ಹಾಲಪ್ಪ ಮನೆಗೆ ಬಂದು ಹೇಳಿದ. ನಾನು ಅಂದೆ: "ಉಪ್ಪು ತಿಂದಿದ್ದಕ್ಕ ಒಂಬತ್ತು ವರ್ಷ ಹಂಡೆ ತಿಕ್ಕೀನಿ. ಆ ಋಣ ಹರದೈತಿ."

ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಪಾಲಿಕೆಯ ಒತ್ತುವರಿ ತೆರವಿನ ಟ್ರಕ್ಕು ಬಂತು. ರಸ್ತೆಯ ಹೋಟೆಲಿನವರೆಲ್ಲ ಸೇರಿ ಅರ್ಜಿ ಕೊಟ್ಟಿದ್ದರಂತೆ. ಮೊದಲ ಸಹಿ ಯಾರದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ರಸ್ತೆಯಲ್ಲಿ ವ್ಯಾಪಾರ ಮಾಡುವ ನಮ್ಮಲ್ಲಿ ಹನ್ನೊಂದು ಹೆಂಗಸರ ಹತ್ತಿರ ಬೀದಿ ವ್ಯಾಪಾರದ ಗುರುತಿನ ಚೀಟಿ ಇತ್ತು. ತೋರಿಸಿದೆವು. ಯಾರೂ ನೋಡಲಿಲ್ಲ. ಪೇರಲ ಹಣ್ಣು ಮಾರುವ ಜಶೀಬೆನ್‌ಗೆ ಅರವತ್ತೆಂಟು ವರ್ಷ. ಅವಳ ಬುಟ್ಟಿಯನ್ನು ಒದ್ದರು. ಹಣ್ಣು ರಸ್ತೆಯ ತುಂಬ ಉರುಳಿತು. ಬೈಕುಗಳು ಅದರ ಮೇಲೆ ಹೋದವು. ನನ್ನ ಎರಡು ಬಕೆಟ್ ಹಿಟ್ಟನ್ನು ಮೋರಿಗೆ ಸುರಿದರು. ಗಾಡಿಯನ್ನು ಎತ್ತಿ ಟ್ರಕ್ಕಿಗೆ ಎಸೆದರು. ಚಕ್ರ ಮುರಿದ ಸದ್ದು ಕೇಳಿತು.

ನಾನು ರಸ್ತೆಯ ಮಧ್ಯೆ ಕೂತೆ. ಯೋಚನೆ ಮಾಡಿ ಕೂತದ್ದಲ್ಲ. ಜಶೀಬೆನ್ ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಉಳಿದ ಒಂಬತ್ತು ಜನ. "ಚೀಟಿ ನೋಡಿ, ಆಮೇಲೆ ಎತ್ತಿ" ಎಂದು ಕೂಗಿದೆವು. ಅಷ್ಟೇ ನಾವು ಮಾಡಿದ್ದು. ಒಂದು ಕಲ್ಲು ಎಸೆಯಲಿಲ್ಲ. ಅರ್ಧ ಗಂಟೆಗೆ ಪೊಲೀಸ್ ವ್ಯಾನು ಬಂತು.

ಠಾಣೆಯಲ್ಲಿ ಪಿಎಸ್‌ಐ ಒಳ್ಳೆಯ ಮಾತಿನಲ್ಲೇ ಹೇಳಿದ. ಹಿಂದಿಗೆ ಗುಜರಾತಿ ಕಲಸಿ ಆಡುತ್ತಿದ್ದ. "ನೋಡಿ ಬೆನ್, ನಿಮ್ಮ ಮೇಲೆ ಏನೂ ಕೇಸಿಲ್ಲ. ಗಲಾಟೆ ಆಗಬಾರದು ಅಂತ ಮುಂಜಾಗ್ರತೆಗೆ ಹಿಡಿದಿದ್ದೇವೆ. ಸಂಜೆ ಐದಕ್ಕೆ ಮನೆಗೆ ಹೋಗ್ತೀರಿ. ಅಷ್ಟರೊಳಗೆ ಒಳಗಿನ ಕೋಣೆಯಲ್ಲಿ ಸ್ವಲ್ಪ ಕೆಲಸ ಇದೆ, ಮುಗಿಸಿ."

ಒಳಗಿನ ಕೋಣೆಯಲ್ಲಿ ಕಂಪ್ಯೂಟರು, ಕ್ಯಾಮೆರಾ, ಗಾಜಿನ ಒಂದು ಡಬ್ಬಿ. ಗೋಡೆಗೆ ಎತ್ತರ ಅಳೆಯುವ ಗೆರೆ. ಮೊದಲು ಜಶೀಬೆನ್ ಹೋದಳು. ತಲೆಯ ಮೇಲಿನ ಸೆರಗು ತೆಗೆಸಿದರು. ಗಂಡನ ತಮ್ಮಂದಿರ ಮುಂದೆಯೂ ಅವಳು ಸೆರಗು ಇಳಿಸಿದವಳಲ್ಲ. ನೇರ ಮುಖದ ಫೋಟೊ. ಎಡ ಮುಖ. ಬಲ ಮುಖ. ಕಣ್ಣಿಗೆ ಯಂತ್ರ ಒತ್ತಿದರು. ಅವಳ ಕಣ್ಣಿನಲ್ಲಿ ಪೊರೆ. ನೀರು ಸುರಿಯಿತು. ಹತ್ತು ಬೆರಳು. ಎರಡು ಅಂಗೈ. ಮೈಮೇಲೆ ಮಚ್ಚೆ ಎಲ್ಲೆಲ್ಲಿದೆ ಎಂದು ಕೇಳಿದರು. ಅವಳು ಹೇಳಲಿಲ್ಲ. ಮಹಿಳಾ ಕಾನ್‌ಸ್ಟೇಬಲ್ ರವಿಕೆಯ ತೋಳು ಮೇಲೆತ್ತಿ ನೋಡಿ, "ಎಡ ತೋಳಿಗೆ ಹಚ್ಚೆ" ಎಂದು ಕೂಗಿ ಬರೆಸಿದಳು. ಕಂಪ್ಯೂಟರಿನವ ಕೇಳಿದ: "ಏನು ಹಚ್ಚೆ?" ಗಂಡನ ಹೆಸರು. "ಇನ್ನೂ ಇದ್ದಾನಾ?" ಕೋಣೆಯಲ್ಲಿ ಎಲ್ಲರೂ ನಕ್ಕರು.

ಜಶೀಬೆನ್ ಹೊರಗೆ ಬಂದು ಗೋಡೆಗೆ ಮುಖ ಮಾಡಿ ಕೂತಳು. ಸೆರಗು ಹೊದ್ದಳು.

ನಾನು ಕೊನೆಯವಳು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಕರೆದ ಕೂಡಲೆ ಒಳಗೆ ಹೋದೆ. ಬೆರಳನ್ನು ಗಾಜಿನ ಮೇಲೆ ಇಟ್ಟೆ. ಸಂಜೆ ಐದಕ್ಕೆ ಮನೆಗೆ ಹೋಗಬೇಕು ಎಂಬುದಷ್ಟೇ ತಲೆಯಲ್ಲಿತ್ತು.

ಯಂತ್ರ ಕೆಂಪು ದೀಪ ತೋರಿಸಿತು. ಮತ್ತೊಮ್ಮೆ ಇಟ್ಟೆ. ಕೆಂಪು. ಬೇರೆ ಬೆರಳು. ಕೆಂಪು. ಕಂಪ್ಯೂಟರಿನವ ನನ್ನ ಬೆರಳನ್ನು ಹಿಡಿದು ಗಾಜಿಗೆ ಅದುಮಿದ. ಮೂಳೆ ನೋಯಿತು. ಕೆಂಪು. ಕೈ ತೊಳೆಸಿದರು. ಸ್ಪಿರಿಟ್ ಹಚ್ಚಿ ಒರೆಸಿದರು. ತಲೆಗೂದಲಿಗೆ ಉಜ್ಜು, ಎಣ್ಣೆ ಹಿಡಿಯಲಿ ಎಂದರು. ಉಜ್ಜಿದೆ. ಹತ್ತರಲ್ಲಿ ಒಂದೂ ಹತ್ತಲಿಲ್ಲ. ಕಪ್ಪು ಮಸಿಯ ತಟ್ಟೆ ತಂದರು. ರೋಲರಿನಿಂದ ಮಸಿ ಬಳಿದು ಕಾಗದದ ಮೇಲೆ ಉರುಳಿಸಿದರು. ಕಾಗದದ ಮೇಲೆ ಬರೀ ಕಪ್ಪು ಕಲೆ ಬಿತ್ತು. ಗೆರೆಯೇ ಇಲ್ಲ.

ಅವನು ಆ ಕಾಗದವನ್ನು ಪಿಎಸ್‌ಐಗೆ ತೋರಿಸಿದ. "ಸಾಹೇಬ್, ಇವಳು ಪಕ್ಕಾ. ಆಸಿಡ್ ಹಾಕಿ ಬೆರಳು ಸುಟ್ಟುಕೊಂಡಿದ್ದಾಳೆ. ಹಳೇ ಚೋರರು ಮಾಡುವ ಕೆಲಸ ಇದು."

ಚೋರರು.

ಅಜ್ಜ ನೆನಪಾದ. ಅವನು ಹುಟ್ಟಿದ್ದೇ ಹುಬ್ಬಳ್ಳಿಯ ಸೆಟ್ಲಮೆಂಟಿನ ತಂತಿ ಬೇಲಿಯೊಳಗೆ. ಬ್ರಿಟಿಷರು ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರು ಎಂದು ಪಟ್ಟಿ ಮಾಡಿ ಬೇಲಿಯೊಳಗೆ ಕೂಡಿದ್ದರು. ದಿನಾ ಹಾಜರಿ ಕೊಡಬೇಕು. ಹೊರಗೆ ಹೋಗಲು ಪಾಸು. ಹಲ್ಲು ಬಿದ್ದು ಬರುವ ವಯಸ್ಸಿನಲ್ಲೇ ಅಜ್ಜನ ಹತ್ತೂ ಬೆರಳಿಗೆ ಮಸಿ ಬಳಿದು ಒತ್ತಿಸಿಕೊಂಡರಂತೆ. ಅವನು ಆವರೆಗೆ ಏನನ್ನೂ ಕದ್ದಿರಲಿಲ್ಲ. ಕದಿಯಲು ಬೇಲಿಯೊಳಗೆ ಏನೂ ಇರಲೂ ಇಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ತಂತಿ ಕಿತ್ತರು. ಅಜ್ಜ ಸಾಯುವ ತನಕ, ಖಾಕಿ ಕಂಡರೆ ಸಾಕು, ಯಾರೂ ಕೇಳದೆಯೇ ಎರಡೂ ಕೈ ಮುಂದೆ ಚಾಚುತ್ತಿದ್ದ. ಅಂಚೆಯವನು ಬಂದರೂ ಚಾಚುತ್ತಿದ್ದ. ನಾವು ಮಕ್ಕಳು ಅದನ್ನು ನೋಡಿ ನಗುತ್ತಿದ್ದೆವು.

ನಾನು ನನ್ನ ಕೈ ನೋಡಿದೆ. ಅದೂ ಮುಂದೆ ಚಾಚಿಕೊಂಡಿತ್ತು.

ಹಿಂದಕ್ಕೆ ಎಳೆದುಕೊಂಡೆ.

"ನಾ ಏನು ಕದ್ದೀನಿ?" ಎಂದೆ.

"ಕದ್ದಿದ್ದೀಯ ಅಂತ ಯಾರು ಹೇಳಿದರು? ಇದು ರೂಲ್ಸು. ಕೈ ಇಡು."

"ಏನು ಕದ್ದೀನಿ ಹೇಳ್ರಿ. ಒಂದು ವಸ್ತುವಿನ ಹೆಸರು ಹೇಳ್ರಿ. ಹತ್ತೂ ಬೆರಳು ಕೊಡತೀನಿ. ಬೇಕಾದರ ಕತ್ತರಿಸಿ ಕೊಡತೀನಿ."

ಕಂಪ್ಯೂಟರಿನವ ಮಸಿಯ ತಟ್ಟೆಯನ್ನು ನನ್ನ ಕಡೆ ತಳ್ಳಿದ.

"ಕೊಡೂದಿಲ್ಲ" ಎಂದೆ.

ಇಬ್ಬರು ಮಹಿಳಾ ಕಾನ್‌ಸ್ಟೇಬಲ್‌ಗಳು ಕೈ ಹಿಡಿದರು. ನಾನು ಮುಷ್ಟಿ ಬಿಗಿದೆ. ಒಬ್ಬಳು ಮಣಿಕಟ್ಟು ತಿರುವಿದಳು. ಇನ್ನೊಬ್ಬಳು ಬೆರಳುಗಳನ್ನು ಒಂದೊಂದಾಗಿ ಎಬ್ಬಿಸಲು ನೋಡಿದಳು. ಅವಳ ಉಗುರು ನನ್ನ ಚರ್ಮಕ್ಕೆ ಇಳಿಯಿತು. ಹಂಡೆ ತಿಕ್ಕಿದ ಮುಷ್ಟಿ. ಬಿಚ್ಚಲಿಲ್ಲ. ಅವಳು ಕೆನ್ನೆಗೆ ಹೊಡೆದಳು. ಕಿವಿಯಲ್ಲಿ ಸೀಟಿ ಊದಿದ ಹಾಗಾಯಿತು. ಮಸಿಯ ತಟ್ಟೆ ಕೆಳಗೆ ಬಿತ್ತು. ಅವರ ಖಾಕಿಗೂ ಮಸಿ, ನನ್ನ ಸೀರೆಗೂ ಮಸಿ. ಮುಷ್ಟಿ ಮುಷ್ಟಿಯಾಗಿಯೇ ಇತ್ತು.

ಪಿಎಸ್‌ಐ ಈಗ ಒಳ್ಳೆಯ ಮಾತು ಬಿಟ್ಟ. "ಬೆರಳು, ಫೋಟೊ, ಕಣ್ಣು, ಈ ಅಳತೆ ಕೊಡದಿದ್ದರೆ ಅದೇ ಒಂದು ಅಪರಾಧ. ಸರ್ಕಾರಿ ಕೆಲಸಕ್ಕೆ ಅಡ್ಡಿ. ಅವರು ಹತ್ತು ಜನ ಸಂಜೆ ಹೋಗ್ತಾರೆ. ನೀನು ಹೋಗೋದಿಲ್ಲ."

ಮಧ್ಯಾಹ್ನ ಮೂರಕ್ಕೆ ಹಾಲಪ್ಪ ಬಂದ. ಜೊತೆಯಲ್ಲಿ ಜನಾರ್ದನ ಮಾಲಕರು. ಪಿಎಸ್‌ಐ ಎದ್ದು ಅವರಿಗೆ ಕುರ್ಚಿ ಕೊಟ್ಟ. ಠಾಣೆಯ ಚಹಾ ತಿಂಡಿ ಅವರ ಹೋಟೆಲಿನಿಂದಲೇ ಬರುತ್ತದೆ.

"ಎಂತ ಸುಭದ್ರಾ ಇದು?" ಎಂದರು ಮಾಲಕರು. "ನಮ್ಮ ಊರಿನ ಹೆಂಗಸು ಸ್ಟೇಷನಲ್ಲಿ ಕೂತಿದ್ದಾಳೆ ಅಂದ್ರೆ ನಮಗೆ ಮರ್ಯಾದೆಯಾ? ನಾನು ಸಾಹೇಬರ ಹತ್ರ ಮಾತಾಡಿದ್ದೇನೆ. ಬೆರಳು ಒತ್ತಿಬಿಡು, ಮನೆಗೆ ಹೋಗುವ. ಒತ್ತಿದ್ರೆ ಬೆರಳೇನು ಸವೆದು ಹೋಗ್ತದಾ?"

"ಬೆರಳು ನಿಮ್ಮ ತೊಟ್ಟಿಯಾಗ ಸವದಾವ್ರಿ" ಎಂದೆ. "ಯಂತ್ರಕ್ಕ ಕಾಣವಲ್ಲವಂತ. ಎಲ್ಲಿ ಹೋದವು ಅಂತ ಸಾಹೇಬರಿಗೆ ನೀವ ಹೇಳ್ರಿ."

ಅವರ ಮುಖ ಕೆಂಪಾಯಿತು. "ಸೊಕ್ಕು" ಎಂದರು. ಹಾಲಪ್ಪನ ಕಡೆ ತಿರುಗಿದರು. "ಹೇಳು ಅವಳಿಗೆ. ಇಲ್ಲದಿದ್ರೆ ನಾಳೆಯಿಂದ ನೀನೂ ಬರುದು ಬೇಡ."

ಹಾಲಪ್ಪ ಹೆದರಿದ್ದ. ಹೋಟೆಲಿನ ಅಂಗಿಯಲ್ಲೇ ಓಡಿ ಬಂದಿದ್ದ, ತೋಳಿಗೆ ಹಿಟ್ಟು ಒಣಗಿತ್ತು. ನನ್ನ ಹತ್ತಿರ ಕೂತು ಮೆಲ್ಲಗೆ ಅಂದ: "ಕೊಟ್ಟಬಿಡ ಮಾರಾಯ್ತಿ. ಇವರ ಮುಂದ ನಮ್ಮದೇನ ನಡಿತೈತಿ?"

"ನೀ ಮನೀಗೆ ಹೋಗು" ಎಂದೆ. "ನಾ ಕೊಡೂದಿಲ್ಲ."

ಅವನು ನನ್ನ ಕೆನ್ನೆ ನೋಡಿದ. ಬೆರಳಚ್ಚು ಅಲ್ಲಿತ್ತು, ಕಾನ್‌ಸ್ಟೇಬಲ್‌ಳದು, ನಾಲ್ಕು ಬೆರಳಿನದು, ಸ್ಪಷ್ಟವಾಗಿ. ಅವನು ಮಾಲಕರ ಜೊತೆ ಹೋಗಲಿಲ್ಲ. ಮನೆಗೂ ಹೋಗಲಿಲ್ಲ. ಠಾಣೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಮರುದಿನದವರೆಗೂ ಅಲ್ಲಿಯೇ ಇದ್ದ.

ನಾಲ್ಕೂವರೆಗೆ ಮನಸ್ವಿನಿ ಬಂದಳು. ದಾವಣಗೆರೆಯ ಹುಡುಗಿ. ಇಲ್ಲಿ ಕಾನೂನಿನ ಮೇಲ್ತರಗತಿ ಓದುತ್ತಿದ್ದಳು. ದಿನಾ ನನ್ನ ಗಾಡಿಯಲ್ಲೇ ತಿಂಡಿ. ಗಾಡಿ ಇರಬೇಕಾದಲ್ಲಿ ಇಲ್ಲದ್ದನ್ನು ನೋಡಿ ಕೇಳಿಕೊಂಡು ಬಂದಿದ್ದಳು.

"ಸುಭದ್ರಕ್ಕ, ಯಾವ ಸೆಕ್ಷನ್ ಹೇಳಿದ್ರು?"

"ಕೇಸಿಲ್ಲ, ಮುಂಜಾಗ್ರತೆ ಅಂದ್ರು."

ಅವಳು ಫೋನು ತೆಗೆದು ಪಿಎಸ್‌ಐ ಮುಂದೆ ನಿಂತಳು. ಅದರಲ್ಲಿದ್ದುದನ್ನು ಓದಿದಳು. ಅಳತೆ ತೆಗೆಯಲು ಎರಡು ಸಾವಿರದ ಇಪ್ಪತ್ತೆರಡರಲ್ಲಿ ಕಾನೂನು ಬಂದಿದೆ. ಅದೇ ವರ್ಷ ನಿಯಮಗಳೂ ಬಂದವು. ಬರೀ ಮುಂಜಾಗ್ರತೆಗೆ ಹಿಡಿದವರಿಂದ ಬೆರಳಚ್ಚಾಗಲಿ, ಫೋಟೊ ಆಗಲಿ, ಕಣ್ಣಿನ ಅಳತೆಯಾಗಲಿ ತೆಗೆಯುವಂತಿಲ್ಲ. ಬೇರೆ ಅಪರಾಧದ ಕೇಸು ಇದ್ದರೆ ಮಾತ್ರ. "ಹನ್ನೊಂದು ಜನರಲ್ಲಿ ಯಾರ ಮೇಲೆ ಬೇರೆ ಕೇಸಿದೆ ಸರ್?"

ಪಿಎಸ್‌ಐ ಫೋನು ನೋಡಲಿಲ್ಲ. ನನ್ನ ಕಡೆ ಬೆರಳು ತೋರಿಸಿದ. "ಇವಳ ಮೇಲೆ ಇದೆ. ಅಳತೆ ಕೊಡಲಿಲ್ಲ. ಸರ್ಕಾರಿ ಕೆಲಸಕ್ಕೆ ಅಡ್ಡಿ. ಈಗ ಅಪರಾಧ ಆಯ್ತಲ್ಲ? ಈಗ ತೆಗೆದುಕೊಳ್ಳಬಹುದು."

ಮನಸ್ವಿನಿ ಫೋನಿನಲ್ಲಿ ಮತ್ತೆ ಕಾನೂನು ಹುಡುಕತೊಡಗಿದಳು.

ನನಗೂ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಕೇಳಬಾರದ್ದನ್ನು ಕೇಳಿದರು. ಕೊಡಲಿಲ್ಲ. ಕೊಡದೆ ಇದ್ದದ್ದೇ ಅಪರಾಧ. ಆ ಅಪರಾಧಕ್ಕೆ ಈಗ ಬೆರಳು ಕೊಡಬೇಕು. ಅಜ್ಜನಿಗೆ ತಂತಿಯ ಬೇಲಿ ಇತ್ತು. ನನಗೆ ಕಾಗದದ ಬೇಲಿ. ತಂತಿಯಾದರೂ ಕಣ್ಣಿಗೆ ಕಾಣುತ್ತದೆ.

ಹತ್ತು ಜನರನ್ನು ಐದಕ್ಕೆ ಬಿಟ್ಟರು. ನನ್ನನ್ನು ಮಹಿಳಾ ಠಾಣೆಗೆ ಸಾಗಿಸಿದರು. ಮಾರನೆಯ ದಿನ ಹನ್ನೊಂದು ಗಂಟೆಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಪೊಲೀಸರು ಒಂದು ಅರ್ಜಿಯನ್ನೂ ತಂದಿದ್ದರು. ಇವಳ ಅಳತೆ ತೆಗೆಯಲು ನ್ಯಾಯಾಲಯವೇ ಆದೇಶ ಕೊಡಬೇಕು ಎಂದು. ಮನಸ್ವಿನಿ ತನ್ನ ಪರಿಚಯದ ವಕೀಲೆ ಮಹಿಮಾ ಎಂಬವರನ್ನು ಕರೆತಂದಿದ್ದಳು. ಅವರು ಐದು ನಿಮಿಷ ಮಾತಾಡಿದರು. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ನೋಡಿ ನನ್ನನ್ನೇ ಕೇಳಿದರು:

"ನಿಮಗೆ ಏನಾದರೂ ಹೇಳುವುದಿದೆಯೇ?"

ಇಪ್ಪತ್ತೆರಡು ವರ್ಷದಲ್ಲಿ ಈ ಊರಿನಲ್ಲಿ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ.

"ಒಂದ ಮಾತು" ಎಂದೆ, ನನ್ನ ಹರಕು ಹಿಂದಿಯಲ್ಲಿ. "ಕೈ ಇಡು ಅಂತ ಇವರು ಹೇಳಿದಾಗ ನನ್ನ ಮ್ಯಾಲೆ ಯಾವ ಅಪರಾಧ ಇತ್ತು? ಆ ಹೊತ್ತಿನ ಕಾಗದ ತೋರಸ್ರಿ."

ಮ್ಯಾಜಿಸ್ಟ್ರೇಟರು ಕಾಗದ ತಿರುವಿದರು. ಪಿಎಸ್‌ಐಯನ್ನು ನೋಡಿದರು. "ಆ ಹೊತ್ತಿನಲ್ಲಿ ಮುಂಜಾಗ್ರತೆ ಬಂಧನ ಬಿಟ್ಟು ಬೇರೇನಿತ್ತು?"

"ಸರ್, ಅವಳು ವಿರೋಧ ಮಾಡಿದಳು..."

"ಅದಕ್ಕಿಂತ ಮೊದಲು?"

ಪಿಎಸ್‌ಐ ಮತ್ತೆ ಅದೇ ಕಾಗದವನ್ನು ಮುಂದೆ ಚಾಚಿದ.

ಮ್ಯಾಜಿಸ್ಟ್ರೇಟರು ಅಳತೆಯ ಅರ್ಜಿಯನ್ನು ತಿರಸ್ಕರಿಸಿದರು. ನನ್ನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟರು. ಕೇಸು ಮಾತ್ರ ಉಳಿಯಿತು. ಏಳು ತಿಂಗಳು ಓಡಾಡಿದೆ. ಆಗಸ್ಟಿನಲ್ಲಿ ಅದು ಬಿದ್ದುಹೋಯಿತು. ಕೆನ್ನೆಗೆ ಹೊಡೆದದ್ದು ಯಾವ ಕಾಗದದಲ್ಲೂ ಇಲ್ಲ. ಗಾಡಿ ಮರಳಿ ಸಿಕ್ಕಿತು, ಮೂರು ಚಕ್ರದ್ದು. ಹಾಲಪ್ಪನ ಕೆಲಸ ಹೋಗಿತ್ತು. ಈಗ ಅವನು ಸೂರತ್‌ನಲ್ಲಿ, ವರಾಛಾದ ಒಂದು ತಿಂಡಿ ಹೋಟೆಲಿನಲ್ಲಿ ರುಬ್ಬುತ್ತಾನೆ. ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ವಜ್ರ ಉಜ್ಜುವ ಕಾರ್ಖಾನೆಯವರು ತಿಂಡಿಗೆ ಬರುತ್ತಾರಂತೆ. "ಅವರ ಬೆರಳೂ ನಿನ್ನಂಗ ನುಣ್ಣಗ ಆಗ್ಯಾವ" ಎಂದು ಹೇಳಿದ.

ನಾನು ಗೆದ್ದೆ ಎಂದು ಜನ ಹೇಳುತ್ತಾರೆ. ಏನು ಗೆದ್ದೆ? ಮಾಡದ ತಪ್ಪಿಗೆ ಏಳು ತಿಂಗಳು ಕೋರ್ಟಿನ ಬೆಂಚು ಕಾದೆ.

ಮತ್ತೆ ಆ ಹತ್ತು ಜನರ ಬೆರಳು ಒಳಗೇ ಉಳಿದವು. ಅವು ದಿಲ್ಲಿಯ ಕಂಪ್ಯೂಟರಿಗೆ ಹೋಗುತ್ತವಂತೆ. ಅಲ್ಲಿ ಎಪ್ಪತ್ತೈದು ವರ್ಷ ಇಡುತ್ತಾರಂತೆ. ಜಶೀಬೆನ್‌ಗೆ ನೂರಾ ನಲವತ್ತಮೂರು ವರ್ಷ ತುಂಬುವವರೆಗೆ ಸರ್ಕಾರ ಅವಳ ಮೇಲೆ ಕಣ್ಣಿಡುತ್ತದೆ. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಯಾರದೋ ಸರ ಕಿತ್ತರು. ಠಾಣೆಯಿಂದ ಜಶೀಬೆನ್‌ಗೆ ಕರೆ ಬಂತು. "ನೀನು ದಾಖಲೆಯಲ್ಲಿದ್ದೀಯ, ಸುಮ್ಮನೆ ಕೇಳುವುದಕ್ಕೆ." ಮೊಣಕಾಲು ನೋವಿನ ಮುದುಕಿ ಸರ ಕಿತ್ತು ಓಡಿದಳೇ? ಇಡೀ ಮಧ್ಯಾಹ್ನ ಕೂರಿಸಿದರು. ಇನ್ನೊಮ್ಮೆ ಯಾವುದೋ ಅಂಗಡಿಯ ಬೀಗ ಒಡೆದಾಗಲೂ ಕರೆದರು. ಅವಳ ಸೊಸೆ, "ನಮ್ಮ ಮನೆಗೆ ಪೊಲೀಸರು ಬರುವಂತೆ ಮಾಡಿದೆ" ಎಂದು ತಟ್ಟೆ ಬೇರೆ ಇಟ್ಟಳು.

ವಿಚಾರಣೆ ಇಲ್ಲದೆ ಬಿಟ್ಟವರ ದಾಖಲೆಯನ್ನು ಅಳಿಸಬೇಕು ಎಂದು ಅದೇ ಕಾನೂನು ಹೇಳುತ್ತದೆ. ಇವರದನ್ನಂತೂ ಮೊದಲೇ ಒತ್ತಿಸಿಕೊಳ್ಳುವಂತೆಯೇ ಇರಲಿಲ್ಲ. ಕಾನೂನು ತಾನಾಗಿ ಏನನ್ನೂ ಅಳಿಸುವುದಿಲ್ಲ. ಬೆನ್ನು ಬೀಳಬೇಕು. ಮಹಿಮಾ ವಕೀಲರು ಹತ್ತು ಅರ್ಜಿ ಬರೆದುಕೊಟ್ಟರು. ಅರ್ಜಿಗಳಿಗೆ ಇನ್ನೂ ಉತ್ತರ ಬಂದಿಲ್ಲ. ಕೊಟ್ಟ ದಿನ ನಡೆದದ್ದನ್ನು ಹೇಳಿ ಮುಗಿಸುತ್ತೇನೆ.

ಹತ್ತೂ ಜನರ ಜೊತೆ ನಾನೂ ಹೋದೆ. ಪೊಲೀಸರ ದೊಡ್ಡ ಕಚೇರಿ. ಗುಮಾಸ್ತ ಮೊದಲ ಅರ್ಜಿ ಓದಿದ. ಅದು ಜಶೀಬೆನ್‌ದು. "ಸಹಿ?" ಎಂದ.

"ನನಗೆ ಬರೆಯಲು ಬರುವುದಿಲ್ಲ ಭಾಯಿ."

ಅವನು ತಲೆ ಎತ್ತದೆ ಖಾನೆ ಎಳೆದ. ನೀಲಿ ಮಸಿಯ ಡಬ್ಬಿ ತೆಗೆದು ಮುಚ್ಚಳ ತೆರೆದು ಅವಳ ಮುಂದೆ ತಳ್ಳಿದ. "ಹೆಬ್ಬೆಟ್ಟು ಒತ್ತಿ."

ಜಶೀಬೆನ್ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬೆರಳು ಅಳಿಸಿ ಅಂತ ಕೇಳೋಕೂ ಬೆರಳೇ?" ಎಂದಳು.

"ಒತ್ತದಿದ್ದರೆ ಅರ್ಜಿ ಪೂರ್ತಿ ಆಗುವುದಿಲ್ಲ. ಹಿಂದೆ ಜನ ಇದ್ದಾರೆ, ಬೇಗ."

ಹಿಂದೆ ಇದ್ದ ಜನ ನಾವೇ. ಯಾರೂ ಅಲುಗಾಡಲಿಲ್ಲ. ಬೇಡ, ಒತ್ತಬೇಡ ಎನ್ನಲು ನನ್ನ ಬಾಯಿ ತೆರೆಯಿತು. ಜಶೀಬೆನ್ ಕೈ ಎತ್ತಿ ನನ್ನನ್ನು ತಡೆದಳು. ಬಹಳ ಹೊತ್ತು ಆ ಡಬ್ಬಿಯನ್ನೇ ನೋಡಿದಳು. ಆಮೇಲೆ ತಾನೇ ಹೆಬ್ಬೆಟ್ಟನ್ನು ಮಸಿಗೆ ಅದ್ದಿದಳು. ಯಾರೂ ಹಿಡಿಯಲಿಲ್ಲ. ಯಾರೂ ಅದುಮಲಿಲ್ಲ. ಕಾಗದದ ಮೇಲೆ ಒತ್ತಿದಳು. ಎತ್ತಿ ನೋಡಿದಳು. ಗೆರೆಗಳು ಚೆನ್ನಾಗಿ ಮೂಡಿದ್ದವು.

"ಇದರ ಕೆಳಗೆ ಬರಿ" ಎಂದಳು ಗುಮಾಸ್ತನಿಗೆ. "ಇದನ್ನು ನಾನು ಒತ್ತಿದ್ದು. ಅಲ್ಲಿ ಇರುವುದನ್ನು ನಾನು ಕೊಟ್ಟಿದ್ದಲ್ಲ, ಅವರು ಕಿತ್ತುಕೊಂಡದ್ದು. ಹಾಗಂತ ಬರಿ."

ಗುಮಾಸ್ತ ಮೊದಲ ಸಲ ತಲೆ ಎತ್ತಿದ. "ಅದಕ್ಕೆಲ್ಲ ಇಲ್ಲಿ ಜಾಗ ಇಲ್ಲ ಅಮ್ಮಾ."

"ಬರಿ" ಎಂದಳು ಜಶೀಬೆನ್.

"ಬರಿ" ಎಂದೆ ನಾನು.

"ಬರಿ" ಎಂದಿತು ಸಾಲು.

ಅವನು ಬಾಗಿಲ ಕಡೆ ನೋಡಿದ. ಯಾರೂ ಬರಲಿಲ್ಲ. ಪೆನ್ನು ತೆಗೆದುಕೊಂಡ. ಅಂಚಿನ ಖಾಲಿ ಜಾಗದಲ್ಲಿ, ಚಿಕ್ಕ ಅಕ್ಷರದಲ್ಲಿ, ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದ. ಜಶೀಬೆನ್‌ಗೆ ಓದಲು ಬಾರದು. ಅಂಗಡಿ ಬೋರ್ಡು ನೋಡಿ ಗುಜರಾತಿ ಅಕ್ಷರ ಕಲಿತಿದ್ದ ನಾನು ಅರ್ಜಿಯನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿ ಹೇಳಿದೆ. ಅವಳು ಸರಿ ಎಂಬಂತೆ ತಲೆಯಾಡಿಸಿದಳು. ಹೆಬ್ಬೆಟ್ಟಿನ ಮಸಿಯನ್ನು ಅವನ ಮೇಜಿನ ಅಂಚಿಗೆ ಒರೆಸಿ, ಎರಡನೆಯವಳಿಗೆ ಜಾಗ ಬಿಟ್ಟಳು.